ನಲವತ್ತೊಂದನೇ ಟಿಪ್ಪಣಿ

ಸೋಮವಾರ, ಮಾರ್ಚ್ 7, 2011

ಅಮೆರಿಕದ ರೇಡಿಯೋದಲ್ಲಿ ಬರುವ ಹಾಡುಗಳಲ್ಲಿ ಅರ್ಧ ನನ್ನವು. ಉಳಿದರ್ಧ, ಬೇರೆಯವರೂ ಬದುಕಿಕೊಳ್ಳಲಿ ಎಂದು ನಾನೇ ಬಿಟ್ಟುಕೊಟ್ಟದ್ದು. ಇಂಥ ನಾನು, ಆಲ್ಸಿಡ್ ಬ್ರೂಸಾರ್ಡ್, ಪ್ರತಿ ಸೋಮವಾರದಂತೆ ಇವತ್ತೂ ಕೆಂಪು ಬೀನ್ಸ್ ಬೇಯಿಸಿ, ಅನ್ನದ ಜೊತೆ ಡಬ್ಬಿಗೆ ತುಂಬಿ, ಎರಡು ಬಸ್ ಬದಲಿಸಿ ಲಾ ಕಾಲೇಜಿನ ನೆಲಮಾಳಿಗೆಗೆ ಹೋದೆ. ತಂಗಿಯ ಮಗಳು ನೋಯೆಲಿ ಕೂರುವುದು ಅಲ್ಲೇ. ಕಲೆ, ಸಿನಿಮಾ, ಸಂಗೀತದ ಕಾನೂನಿಗೆಂದೇ ಒಂದು ಪತ್ರಿಕೆ. ನಡೆಸುವವರೆಲ್ಲ ವಿದ್ಯಾರ್ಥಿಗಳು. ಹನ್ನೆರಡು ತಲೆ. ಒಂದಕ್ಕೂ ತಾಳ ಬಾರದು.

"ಇದನ್ನ ಓದೋರು ಯಾರೇ?" ಕೇಳಿದೆ.

"ಇಂಥದೇ ಇನ್ನೊಂದು ಪತ್ರಿಕೆ ನಡೆಸೋರು, ಮಾಮ."

ಸರಿಹೋಯಿತು.

ಬುಧವಾರ, ಮಾರ್ಚ್ 9, ಮಧ್ಯಾಹ್ನ

ನೋಯೆಲಿಯ ಲೇಖನ ಈ ಸಂಚಿಕೆಗಂತೆ. ಮೋಸಹೋದ ಸಂಗೀತಗಾರರ ಬಗ್ಗೆ. ಶುರುವಾಗುವುದೇ ನನ್ನಿಂದ — 1968ರಲ್ಲಿ ಲೂಸಿಯಾನಾದಲ್ಲಿ ರೆಕಾರ್ಡ್ ಕಂಪನಿಯವರು ನನ್ನ ಪಿಯಾನೋ ಹಾಡು ನುಂಗಿದ್ದು, ನಾನು ಎರಡು ಮಿಲಿಯನ್ ಡಾಲರ್ ಕಳೆದುಕೊಂಡದ್ದು. ಎದೆ ಉಬ್ಬಿತು.

ಆದರೆ ಇವರ ಪದ್ಧತಿಯೋ… ಒಂದೊಂದು ವಾಕ್ಯಕ್ಕೂ ಒಂದು ಅಡಿಟಿಪ್ಪಣಿ. ಪುಟದಲ್ಲಿ ಮೇಲೆ ನಾಲ್ಕು ಸಾಲು, ಕೆಳಗೆ ಇರುವೆ ಸಾಲಿನಂತೆ ನಲವತ್ತು. ಬಟ್ಟೆಗಿಂತ ಅಂಚೇ ಅಗಲ. ಆ ಅಂಚನ್ನು ಪರೀಕ್ಷಿಸಲು ಒಬ್ಬ ಬೇರೆ, ಪ್ರೆಸ್ಕಾಟ್ ಎಂಬ ಎರಡನೇ ವರ್ಷದವನು. ಕತ್ತಿಗೆ ಚಿಟ್ಟೆಯಂಥ ಟೈ.

"ಸರ್, ನಲವತ್ತೊಂದನೇ ಟಿಪ್ಪಣಿ ಖಾಲಿ ಇದೆ. ಎರಡು ಮಿಲಿಯನ್‌ಗೆ ಆಧಾರ ಏನು?"

"ಆಧಾರ ನಿನ್ನೆದುರಿಗೇ ನಿಂತಿದೆಯಲ್ಲಪ್ಪ."

"ಹಂಗಲ್ಲ ಸರ್. ಕಾಗದ ಬೇಕು."

"ನಿಮ್ಮಪ್ಪ ನಿಮ್ಮಪ್ಪನೇ ಅನ್ನೋದಕ್ಕೆ ಟಿಪ್ಪಣಿ ಇದೆಯೇನೋ?"

ಹುಡುಗ ನಿಜವಾಗಿಯೂ ಯೋಚಿಸಿದ. "ಬರ್ತ್ ಸರ್ಟಿಫಿಕೇಟ್ ಇದೆ ಸರ್."

ಥೂ. ಇವರು ನಾಳೆ ಜಡ್ಜುಗಳು.

ಗುರುವಾರ, ಮಾರ್ಚ್ 10

ನಾಳೆ ಐದು ಗಂಟೆಯೊಳಗೆ ಆಧಾರ ಸಿಗದಿದ್ದರೆ ನೋಯೆಲಿಯ ಲೇಖನ ಹೊರಗೆ. ಸಂಪಾದಕಿಯ ಅಪ್ಪಣೆ. ಆ ಜಾಗಕ್ಕೆ ಯಾರದೋ ಕಾರ್ಟೂನ್ ಬಾತುಕೋಳಿಯ ಮೇಲೆ ಎಪ್ಪತ್ತು ಪುಟದ ಲೇಖನ ಸಿದ್ಧವಾಗಿದೆಯಂತೆ.

"ಮಾಮ, ನೀನು ಸಹಿ ಹಾಕಿದ ಕಾಗದ ಎಲ್ಲಿದೆ?"

"ಬೆಂಕಿಗೆ ಬಿತ್ತು."

"ಪ್ರವಾಹದಲ್ಲಿ ಹೋಯ್ತು ಅಂತಿದ್ದೆ."

"ಮೊದಲು ಬೆಂಕಿ. ಆಮೇಲೆ ಪ್ರವಾಹ."

ನಗಲಿಲ್ಲ. ಎರಡು ವರ್ಷದ ದುಡಿತ ಅವಳದು. "ನಾನು ಲಾ ಸೇರಿದ್ದೇ ನಿನ್ನ ಆ ದುಡ್ಡಿಗೋಸ್ಕರ ಮಾಮ. ಕೇಸು ಹಾಕಿ ಗೆದ್ದು, ನಿಂಗೊಂದು ಮನೆ ಕೊಡಿಸೋಣ ಅಂತ. ಏಳು ವರ್ಷದವಳಿದ್ದಾಗಲೇ ಅಂದ್ಕೊಂಡಿದ್ದೆ."

ನನ್ನ ಬಾಯಲ್ಲಿ ಬೀನ್ಸ್ ಇತ್ತು. ಸುಮಾರು ಹೊತ್ತು ಅಗಿದೆ.

ಶುಕ್ರವಾರ, ಮಾರ್ಚ್ 11, ಸಂಜೆ 4

ಮಂಚದಡಿಯ ಬಿಸ್ಕತ್ ಡಬ್ಬಿ ಒಯ್ದು ಪ್ರೆಸ್ಕಾಟನ ಮೇಜಿನ ಮೇಲೆ ಇಟ್ಟೆ. "ತಗೋ, ನಿನ್ನ ಕಾಗದ." ತೆರೆದ. ಓದಿದ. ಮೊದಲಿಂದ ಮತ್ತೆ ಓದಿದ. ಆ ಮೂರ್ಖ ನಗಬೇಕಿತ್ತು, ನಗಲಿಲ್ಲ. ನೋಯೆಲಿಯನ್ನು ಕರೆದ. ನಾನು ಬಸ್ಸಿಗೆ ಹೊತ್ತಾಯಿತು ಎಂದು ಬಂದುಬಿಟ್ಟೆ.

ಸೋಮವಾರ, ಮಾರ್ಚ್ 21

ಹತ್ತು ದಿನ ಬರೆಯಲಿಲ್ಲ. ಒಂಬತ್ತು ದಿನ ಅವಳು ಮಾತಾಡಲಿಲ್ಲ. ಹೋದ ಸೋಮವಾರ ಬೀನ್ಸ್ ನೆನೆಹಾಕಲೂ ಇಲ್ಲ.

ನಿನ್ನೆ ಬಂದಳು. ಲೇಖನ ಒಪ್ಪಿದ್ದಾರಂತೆ. ಆ ಶುಕ್ರವಾರ ಐದರೊಳಗೇ ಎರಡು ಮಿಲಿಯನ್ ಹೊಡೆದುಹಾಕಿದಳಂತೆ. ನನ್ನನ್ನು ಮಾತ್ರ ತೆಗೆದಿಲ್ಲ.

"ನಾಚಿಕೆ ಆಗಲ್ವೇನೇ, ಇಂಥ ಮಾಮನ ಹೆಸರು ಹಾಕೋಕೆ?"

"ಸಿಟ್ಟು ಇನ್ನೂ ಇದೆ. ಆದ್ರೆ ಎರಡು ಮಿಲಿಯನ್ ಅಂದ್ರೆ ಯಾವ ವಕೀಲ ಆದ್ರೂ ಓಡಿ ಬರ್ತಾನೆ, ಮಾಮ. ನಿನ್ನ ನಿಜವಾದ ಲೆಕ್ಕಕ್ಕೆ ಯಾರೂ ಬರ್ತಿರ್ಲಿಲ್ಲ. ಅದನ್ನೇ ಬರೆದಿದ್ದೀನಿ." ಆಮೇಲೆ ಮೆಲ್ಲಗೆ, "ಸಹಿ ಹಾಕೋ ಮೊದಲು ಓದ್ಲಿಲ್ವಾ?"

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಆರನೇ ಕ್ಲಾಸಿನವರೆಗೆ. ನಾಲ್ಕು ಪುಟ ಸಣ್ಣಕ್ಷರ. ಬ್ಯಾಂಡಿನವರೆಲ್ಲ ನೋಡುತ್ತಿದ್ದರು. ಓದುವವನಂತೆ ಹಾಳೆ ತಿರುವಿ, ಹೂಂ ಎಂದು ತಲೆಯಾಡಿಸಿ ಸಹಿ ಹಾಕಿದ್ದೆ. ಅಷ್ಟನ್ನೂ ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಇವತ್ತು ಚಿಟ್ಟೆ ಟೈನ ಫೋನು. "ಸರ್, ಮೊತ್ತ ನಿಮ್ಮ ಬಾಯಿಂದಲೇ ಒಮ್ಮೆ ಖಚಿತವಾಗ್ಬೇಕು. ಟಿಪ್ಪಣಿಗೆ."

ಅವನಿಗೆ ಹೇಳಿದೆ ಎಂದಮೇಲೆ ಇಲ್ಲೂ ಇರಲಿ. ಡಬ್ಬಿಯ ಕಾಗದದಲ್ಲಿದ್ದಂತೆ, ಕಂಪನಿ ಒತ್ತಿಸಿದ್ದು ಐನೂರು ರೆಕಾರ್ಡ್. ಮಿಕ್ಕ ಎಂಬತ್ತೆಂಟು ನನ್ನ ಮಂಚದಡಿ ಇವೆ. ಮಾರಿದ್ದು ನಾನೂರ ಹನ್ನೆರಡು. ಆಗಿನ ಕಾನೂನಿನಂತೆ ಹಾಡು ಕಟ್ಟಿದವನಿಗೆ ರೆಕಾರ್ಡ್ ಒಂದಕ್ಕೆ ಎರಡು ಸೆಂಟು. ಸಹಿಗೆ ಬದಲಾಗಿ ಅವರು ಕೊಡಿಸಿದ್ದು ಒಂದು ಕರಿದ ಮೀನಿನೂಟ, ಒಂದೂ ಕಾಲು ಡಾಲರಿನದು. ಅದನ್ನು ಕಳೆದರೆ ನನಗೆ ಹೋದದ್ದು ಒಟ್ಟು ಆರು ಡಾಲರ್ ತೊಂಬತ್ತೊಂಬತ್ತು ಸೆಂಟು.