ಮೊಣಕಾಲಿಗಿಂತ ಕಮ್ಮಿ ನೀರು

ಲೇ ಜಗಳಗಂಟಿ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೂ ನೀನು ಒಡೆದು ಓದುವವಳಲ್ಲ. ಆದರೆ ಇವತ್ತಿನದನ್ನು ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ನಮ್ಮ ಪ್ರವಾಹ ನಕ್ಷೆ ಕೊನೆಗೂ ಸಾಹೇಬರ ಟೇಬಲ್ಲಿಗೆ ಹೋಯಿತು. ಕಂಪ್ಯೂಟರಿನಲ್ಲಿ ನದಿಯನ್ನು ಉಕ್ಕಿಸಿ, ಯಾವ ಬೀದಿಗೆ ಎಷ್ಟು ನೀರು ಬರುತ್ತದೆಂದು ಲೆಕ್ಕ ಹಾಕಿ, ನಾವಿಬ್ಬರೂ ಕಣ್ಣು ಕೆಂಪಾಗುವವರೆಗೆ ಕೂತು ಮಾಡಿದ್ದೆವಲ್ಲ, ಅದೇ. ಅವರು ಇಡೀ ಬೆಳಿಗ್ಗೆ ನೋಡಿದ್ದು ಬಣ್ಣವನ್ನು ಮಾತ್ರ.

“ಊರೆಲ್ಲಾ ನೀಲಿ ಕಂಡ್ರೆ ಜನ ಹೆದರ್ತಾರಮ್ಮ. ಮೊಣಕಾಲಿಗಿಂತ ಕಮ್ಮಿ ನೀರಿಗೆ ಬಣ್ಣ ಯಾಕೆ? ಬೆಳ್ಳಗೆ ಬಿಟ್ಬಿಡಿ.”

“ಆ ನೀರು ಮಕ್ಕಳಿಗೆ ಸೊಂಟದವರೆಗೆ ಬರತ್ತೆ ಸರ್” ಎನ್ನಲು ನೀನಿರಲಿಲ್ಲ. ಹೋದ ಸಲ ಇದೇ ಮಾತು ಬಂದಾಗ ನೀನು ರಾಜೀನಾಮೆ ಬಿಸಾಕಿ ಎದ್ದೆ. ಬಾಗಿಲಲ್ಲಿ ನಿಂತು ಒಮ್ಮೆ ನನ್ನ ಕಡೆ ನೋಡಿದೆ. ಈಗ ನಿನ್ನ ಕುರ್ಚಿಯ ಮೇಲೆ ಪ್ರೊಜೆಕ್ಟರಿನ ಖಾಲಿ ಪೆಟ್ಟಿಗೆ ಕೂತಿದೆ.

ಮೈಯೆಲ್ಲ ಉರಿದುಹೋಯಿತು ಕಣೇ. ಸುತ್ತ ಕೂತವರೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದರು. ಮೌಸ್ ನನ್ನ ಕೈಯಲ್ಲಿತ್ತು. ಎಷ್ಟು ಆಳದಿಂದ ನೀಲಿ ಬರಬೇಕೆಂಬ ಒಂದು ಅಂಕಿ ಬದಲಾಯಿಸಿದೆ, ಅಷ್ಟೇ. ಅರ್ಧ ಊರು ಒಣಗಿಹೋಯಿತು. ನಿನ್ನಮ್ಮನ ಬೀದಿಯೂ.

ಸಂಜೆ ಅವರ ಮನೆಗೆ ಹೋಗಿ ನೆಲದ ಮೇಲಿದ್ದ ಅಕ್ಕಿ ಡಬ್ಬ, ಬಟ್ಟೆ ಪೆಟ್ಟಿಗೆ, ನಿನ್ನ ಕಾಲೇಜಿನ ಹಳೆಯ ಪುಸ್ತಕಗಳು, ಎಲ್ಲವನ್ನೂ ಮೇಲಿನ ಹಲಗೆಗೆ ಎತ್ತಿಟ್ಟೆ.

“ಇದೇನೇ, ಇದ್ದಕ್ಕಿದ್ದ ಹಾಗೆ?” ಎಂದು ಕೇಳಿದರು.

“ಇಲಿ ಕಾಟ ಅಮ್ಮ” ಎಂದೆ.