ಗೂಡಿಗೆ ಕಟ್ಟಿದ ಟಾರ್ಪಾಲು

ಪ್ರೀತಿಯ ಅಣ್ಣನಿಗೆ,

ಕೆಮ್ಮು ಹೆಚ್ಚಾಯಿತೆಂದು ಅಮ್ಮನನ್ನು ನೀನು ನಿನ್ನ ಮನೆಗೆ ಕರೆದುಕೊಂಡು ಹೋದ ಮೇಲೆ ಅವಳ ಕೋಳಿಗಳು ನನ್ನ ಪಾಲಿಗೆ ಬಂದವಲ್ಲ. ನಮ್ಮ ಕಡೆಯ ಚಳಿ ಎಂದರೆ ಬೆಳಗಿನ ಹೊತ್ತು ಒಂದು ಶಾಲು ಬೇಕೆನಿಸುವಷ್ಟೇ. ಆದರೂ ಭಯಕ್ಕೆ ನಾನು ಗೂಡಿನ ಸುತ್ತ ಟಾರ್ಪಾಲು ಬಿಗಿದು ಕಟ್ಟಿದೆ. ಸ್ವಲ್ಪ ದಿನಕ್ಕೇ ಒಳಗೆಲ್ಲ ತೇವ, ಘಾಟು. ಕೆಂಪು ಹೇಟೆ ಬಾಯಿ ತೆರೆದು ಗೊರಗೊರ ಉಸಿರೆಳೆಯತೊಡಗಿತು.

ಗಾಬರಿಯಾಗಿ ಅಮ್ಮನಿಗೆ ಫೋನು ಮಾಡಿದೆ.

"ಅಯ್ಯೋ ಪೆದ್ದಿ, ಅದ್ರ ಮೈಮೇಲೇ ಕಂಬಳಿ ಇದೆ ಕಣೇ. ಅದಕ್ಕೆ ಬೇಕಾಗಿರೋದು ಗಾಳಿ. ಮೇಲುಗಡೆ ಬಿಚ್ಚು," ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ನಿಮ್ಮಣ್ಣನೂ ಕಿಟಕಿಗೆಲ್ಲ ಪ್ಲಾಸ್ಟಿಕ್ ಹೊಡೆಸಿದ್ದಾನೆ. ಪಾಪ, ನನ್ನ ಮೇಲಿನ ಪ್ರೀತಿಗೆ. ಅವನಿಗೇನೂ ಅನ್ಬೇಡ," ಎಂದಳು.

ನಾನು ಏನೂ ಅನ್ನುತ್ತಿಲ್ಲ, ಬರೆಯುತ್ತಿದ್ದೇನೆ ಅಷ್ಟೇ. ಟಾರ್ಪಾಲಿನ ಮೇಲುಭಾಗ ಬಿಚ್ಚಿದೆ. ಹೇಟೆ ಚೇತರಿಸಿಕೊಂಡು, ಈಗ ನಾನು ಓದುತ್ತಿರುವ ಪುಸ್ತಕದ ಮೇಲೆಯೇ ಹಾರಿ ಕೂರುವಷ್ಟು ಜೋರಾಗಿದೆ. ನೀನೂ ಅಮ್ಮನ ಕೋಣೆಯ ಒಂದು ಕಿಟಕಿಯನ್ನು ಹಗಲು ಹೊತ್ತು ತೆರೆದಿಡುತ್ತೀಯಾ? ಅವಳ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಟ್ಟರೆ ಸಾಕು. ಶಾಲು ಅವಳೇ ಹೊದ್ದುಕೊಳ್ಳುತ್ತಾಳೆ.

ನಿನ್ನ ತಂಗಿ