ಏಳದ ಮುಳ್ಳು

ಗುರುವಾರ, ಜನವರಿ ೧೭

ಅತ್ತಿಗೆಯ ಹಳೆಯ ಆಟೋಮ್ಯಾಟಿಕ್ ಕಾರು ನಾಲ್ಕು ದಿನದಿಂದ ನನ್ನ ತಲೆ ತಿನ್ನುತ್ತಿತ್ತು. ಚಳಿ ಶುರುವಾದಾಗಿನಿಂದ ಕೊನೆಯ ಗೇರಾದ ಓವರ್‌ಡ್ರೈವ್‌ಗೆ ಏರದೆ ಮೂರರಲ್ಲೇ ಅರಚುತ್ತಿತ್ತು. ಗೇರ್‌ಬಾಕ್ಸ್ ಆಯಿಲ್ ಬದಲಿಸಿದೆ, ಸ್ವಿಚ್ಚು ಬಿಚ್ಚಿದೆ, ಒಂದೊಂದು ವೈರನ್ನೂ ಪರೀಕ್ಷಿಸಿದೆ. ಎಲ್ಲವೂ ಸರಿಯಾಗಿದ್ದವು. ಅದೇ ಸೋಜಿಗ.

ಇವತ್ತು ಪಕ್ಕದಲ್ಲಿ ಕೂತಿದ್ದ ಅತ್ತಿಗೆ, "ಈ ಬಿಸಿ ತೋರಿಸೋ ಮುಳ್ಳು ಏಳೋದೇ ಇಲ್ವಲ್ಲ, ನಿದ್ದೆ ಹೋಗಿದೆಯಾ?" ಎಂದರು. ಗಾಡಿ ನಿಲ್ಲಿಸಿ ರೇಡಿಯೇಟರ್ ಪೈಪು ಮುಟ್ಟಿದೆ. ಅರ್ಧ ಗಂಟೆ ಓಡಿದ್ದರೂ ಬರೀ ಉಗುರುಬೆಚ್ಚಗಿತ್ತು. ಎಂಜಿನ್ ಕಾಯದೆ ಈ ಕಾರು ಓವರ್‌ಡ್ರೈವ್‌ಗೆ ಬಿಡುವುದಿಲ್ಲ. ಸರಿ, ಕಾಯುತ್ತಿಲ್ಲವೇಕೆ? ಶೆಡ್ಡಿಗೆ ಬಂದು, ನೀರು ಬಿಸಿಯಾಗುವವರೆಗೆ ತಡೆದಿಡುವ ಥರ್ಮೋಸ್ಟಾಟ್ ಇರಬೇಕಾದ ಜಾಗ ಬಿಚ್ಚಿದೆ. ಖಾಲಿ.

ಹೊಸದು ಹಾಕಿದೆ. ಮುಳ್ಳು ನಡುವಿಗೆ ಬಂತು. ರಸ್ತೆಯಲ್ಲಿ ವೇಗ ಅರವತ್ತು ದಾಟುತ್ತಲೇ ಓವರ್‌ಡ್ರೈವ್‌ಗೆ ಏರಿ ಅರಚಾಟ ಇಳಿಯಿತು.

"ಏನಾಗಿತ್ತು?"

"ಯಾವನೋ ಬುದ್ಧಿಗೇಡಿ ಒಂದು ಸಾಮಾನು ಕಿತ್ತು ಹಾಕಿದಾನೆ ಅತ್ತಿಗೆ."

"ಹೋದ ಬೇಸಿಗೇಲಿ ಎಂಜಿನ್ ಕುದಿಯುತ್ತೆ ಅಂದಾಗ, 'ಇದಿಲ್ದಿದ್ರೂ ನಡೆಯುತ್ತೆ' ಅಂತ ನೀನು ಏನೋ ಜೇಬಿಗೆ ಹಾಕ್ಕೊಂಡೆಯಲ್ಲ, ಅದೇನಾ?"

ಅದೇ. ಹುಡುಕಬೇಕಾಗಿಯೂ ಇರಲಿಲ್ಲ. ಬೇಸಿಗೆಯಿಂದಲೂ ಈ ಡೈರಿಯ ಹಾಳೆ ಹಾರದಂತೆ ನಾನು ಇಡುತ್ತಿರುವುದು ಅದನ್ನೇ. ಈಗಲೂ, ಬರೆಯುತ್ತಿರುವಾಗ, ಎಡಗೈ ಪಕ್ಕದಲ್ಲೇ...